ನೊಗ್ತ ಬಿಚ್ಚದೆ ಕೊಟ್ಟ ಕುದುರೆ

ಪೂರ್ವ ಚಾಡ್,
೧೨ ಅಕ್ಟೋಬರ್ ೨೦೦೯

ಪ್ರೀತಿಯ ತಂಗಿ ಯಂಜ್ಮಾ,

ಚಳಿಗೆ ಮುಂಚಿನ ದಿನಗಳು ನೆಮ್ಮದಿಯಾಗಿವೆಯೇ? ಕುರಿಗಳು ಮೈ ತುಂಬಿಕೊಂಡಿವೆಯೇ? ನಿನ್ನ ಯಜಮಾನ ಗೊಂಬೊನ ಸೊಂಟ ನೋವು ಹೇಗಿದೆ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅದಕ್ಕೆ ನೀನು ಗುಡ್ಡ ಹತ್ತಬೇಕು, ನಾನು ನೀರಿನ ಟ್ಯಾಂಕ್ ಹತ್ತಬೇಕು. ಇಬ್ಬರೂ ಹತ್ತಿ ನಿಂತ ದಿನ ಲೈನೇ ಸಿಗುವುದಿಲ್ಲ. ಕಾಗದವೇ ವಾಸಿ. ತಡವಾದರೂ ಪೂರ್ತಿ ಮಾತು ಬರುತ್ತದೆ.

ಇಲ್ಲಿ ಶಾಂತಿಪಾಲನೆಗೆ ಬಂದ ನಮ್ಮ ಪಡೆಯ ಕೆಲಸ, ನಿರಾಶ್ರಿತರ ಶಿಬಿರಕ್ಕೆ ಹೋಗುವ ಲಾರಿಗಳ ಹಿಂದೆ ಮುಂದೆ ಕಾವಲು ಹೋಗುವುದು. ನಾನು ಗಾಡಿಗಳ ಹೊಟ್ಟೆ ಬಗೆದು ಮರಳು ತೆಗೆಯುತ್ತೇನೆ. ಮರುದಿನ ಅಷ್ಟೇ ಮರಳು ಮತ್ತೆ ಸೇರಿರುತ್ತದೆ. ಐವತ್ತು ತುಂಬಿದವನು ಪಡೆಯಲ್ಲಿ ನಾನೊಬ್ಬನೇ, ಅದಕ್ಕೇ ಹುಡುಗರು ಅಜ್ಜ ಎಂದು ಕರೆಯುತ್ತಾರೆ. ಮದುವೆಯ ಖರ್ಚಿಲ್ಲದೆ ಇನ್ನೂರು ಮೊಮ್ಮಕ್ಕಳು ಸಿಕ್ಕಿದ್ದಾರೆ ಎಂದುಕೊಂಡಿದ್ದೇನೆ.

ಸಂಜೆಯಾದರೆ ಮಾಡಲು ಕೆಲಸವಿಲ್ಲ. ಅವರು ಇಸ್ಪೀಟು ಹಾಕುತ್ತಾರೆ. ಹೋದ ತಿಂಗಳು ನನ್ನ ಉಪಕರಣದ ಚೀಲ ಹರಿಯಿತು. ಹಳೆಯ ಬೂಟಿನ ಮೇಲ್ಭಾಗ ಕತ್ತರಿಸಿ, ಸೈಕಲ್ ಕಡ್ಡಿಯನ್ನು ಚೂಪು ಮಾಡಿ ತೂತು ಹೊಡೆದು, ಟಾರ್ಪಾಲಿನ ನೂಲು ಬಿಡಿಸಿ ಹೊಲಿದೆ. ಅಡುಗೆಯ ಒಚಿರ್ ಕೈಗೆತ್ತಿಕೊಂಡು ನೋಡಿ, "ಅಜ್ಜ, ಇದು ಚೀಲವೋ, ಸತ್ತ ಹೆಗ್ಗಣವೋ?" ಎಂದ. ಹೆಗ್ಗಣದ ಹಾಗೇ ಇದೆ, ನಿಜ. ಆದರೆ ಹೊಲಿಯುವಾಗ ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಹೊಲಿದೆ. ಈಗ ದಿನಾ ಕೂರುತ್ತೇನೆ.

ನಿನ್ನನ್ನು ಕೇಳಬೇಕಾದದ್ದು ಇದು. ಹಸಿ ಚರ್ಮವನ್ನು ಅಪ್ಪ ಅಷ್ಟು ಮೆತ್ತಗೆ ಹೇಗೆ ಮಾಡುತ್ತಿದ್ದರು? ನನ್ನ ಕೈಗೆ ಬರುವ ತುಂಡೆಲ್ಲ ಒಣಗಿದ ಮೇಲೆ ಹಲಗೆಯಾಗುತ್ತದೆ. ನೀನು ಅವರ ಪಕ್ಕದಲ್ಲೇ ಕೂರುತ್ತಿದ್ದೆ. ಎಲ್ಲಾ ಬರೆದು ಕಳಿಸು, ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಬರುವ ಬೇಸಿಗೆಗೆ ಸೇನೆಯ ಋಣ ತೀರುತ್ತದೆ. ನಿನ್ನ ಗೆರ್ ಗುಡಾರದ ಪಕ್ಕದಲ್ಲಿ ನನ್ನದೊಂದು ಗೆರ್ ಹಾಕಿಕೊಂಡು, ನಮ್ಮ ಮಂದೆಗೆ ಬೇಕಾದ ಹಗ್ಗ ಪಟ್ಟಿಗಳನ್ನು ನಾನೇ ಮಾಡಿಕೊಂಡಿರುತ್ತೇನೆ. ಅದನ್ನೇ ನೆನೆಸಿಕೊಂಡು ದಿನ ಎಣಿಸುತ್ತಿದ್ದೇನೆ.

ನಿನ್ನ ಅಣ್ಣ,
ಸೆರೀಟರ್


ಚಳಿಗಾಲದ ನೆಲೆ, ದುಂದ್‌ಗೋವಿ,
೨೧ ನವೆಂಬರ್ ೨೦೦೯

ಅಣ್ಣ,

ನೀನು ಸೂಜಿ ಹಿಡಿದಿದ್ದೀಯ ಎಂದು ಓದಿ ಗೊಂಬೊ ಚಹಾ ಚೆಲ್ಲಿಕೊಂಡ. "ನಿಮ್ಮಣ್ಣನಿಗೆ ಬಿಸಿಲು ನೆತ್ತಿಗೇರಿದೆ, ವೈದ್ಯರಿಗೆ ತೋರಿಸೋಕೆ ಹೇಳು" ಎಂದ. ಅಪ್ಪ ಕೆಲಸಕ್ಕೆ ಕರೆದಾಗಲೆಲ್ಲ ನೀನು ಮೋಟಾರ್ ಸೈಕಲ್ಲಿನೊಳಗೆ ತಲೆ ಹಾಕಿಕೊಂಡು ಕೂತಿರುತ್ತಿದ್ದೆ. ಚರ್ಮದ ವಾಸನೆ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದೆ. ಈಗ ಮುದುಕನಾದ ಮೇಲೆ, ಅಷ್ಟು ದೂರ ಹೋಗಿ, ನನ್ನನ್ನು ಕೇಳುತ್ತೀಯಾ? ಆಗಲಿ, ಹೇಳುತ್ತೇನೆ. ಸರಿಯಾಗಿ ಕೇಳಿಸಿಕೋ.

ಮೊದಲು ಒಳಮೈಗೆ ಅಂಟಿದ ಮಾಂಸ, ಕೊಬ್ಬು ಪೂರ್ತಿ ಹೆರೆ. ಚಾಕು ಮೊಂಡಾಗಿರಬೇಕು, ಹರಿತವಾದರೆ ತೂತು ಬೀಳುತ್ತದೆ. ಹುಳಿ ಮೊಸರಿನ ನೀರಿಗೆ ಉಪ್ಪು ಕದಡಿ ಬಳಿದು, ಒಳಮೈ ಒಳಕ್ಕೆ ಮಾಡಿ ಮಡಚಿಡು. ನಾಲ್ಕು ದಿನ ಬಿಡು. ಮೂಗು ಮುಚ್ಚಿಕೊಳ್ಳುವ ಹಾಗಾದರೆ ಸರಿಯಾಗಿದೆ ಎಂದು ತಿಳಿ. ಆಮೇಲೆ ಕೈಯಲ್ಲಿ ಹಿಸುಕು. ಪಟ್ಟಿ ಬೇಕಿದ್ದರೆ ಅಂಚಿನಿಂದ ಸುರುಳಿಯಾಗಿ ಸೀಳುತ್ತಾ ನಡುವಿಗೆ ಬಾ, ಒಂದೇ ಉದ್ದದ ಪಟ್ಟಿ ಬರುತ್ತದೆ. ಅದನ್ನು ಮೇಲೆ ತೂಗುಹಾಕಿ, ಕೆಳಗೆ ಕಲ್ಲು ಕಟ್ಟಿ, ಕೋಲು ತೂರಿಸಿ ತಿರುಚಬೇಕು. ಬಲಕ್ಕೆ ನೂರು, ಎಡಕ್ಕೆ ನೂರು. ಎಣಿಸುವ ಕೆಲಸ ನನ್ನದಾಗಿತ್ತು. ಲೆಕ್ಕ ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ, ಮೊದಲಿನಿಂದ ಶುರು ಮಾಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ನಮ್ಮ ಸುದ್ದಿ ಹೇಳಿಕೊಳ್ಳುವಂಥದ್ದಲ್ಲ. ಬೇಸಿಗೆಯಲ್ಲಿ ಮಳೆ ಮುಖ ತೋರಿಸಲಿಲ್ಲ. ಹುಲ್ಲು ಪಾದ ಮುಚ್ಚುವಷ್ಟೂ ಬೆಳೆಯಲಿಲ್ಲ. ಕುರಿಗಳು ತೆಳ್ಳಗಿನ ಬೆನ್ನಲ್ಲೇ ಚಳಿಗಾಲಕ್ಕೆ ಬಂದಿವೆ. ಅದಕ್ಕೇ ನಿನ್ನ ಬಿಳಿಗಾಲಿನ ಕಂದು ಕುದುರೆಯನ್ನು ಒಂದು ಲಾರಿ ಒಣಹುಲ್ಲಿಗೆ ಕೊಟ್ಟೆವು. ಬೇಜಾರು ಮಾಡಿಕೊಳ್ಳಬೇಡ. ಇನ್ನೂರು ಕುರಿಯ ಬಾಯಿ ಒಂದು ಕಡೆ, ಅವನೊಬ್ಬ ಒಂದು ಕಡೆ.

ಇನ್ನೊಂದು ವಿಷಯವಿದೆ. ಗೊಂಬೊನಿಗೆ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ. ಕೊಂಡವನು ಬಂದ ದಿನ ಗಾಳಿ ಹಿಮ ಒಟ್ಟಿಗೇ ಹೊಡೆಯುತ್ತಿತ್ತು. ಗೊಂಬೊ ಮಂದೆಯ ಹಿಂದೆ ಹೋಗಿದ್ದ. ಲಾರಿಯ ಇಂಜಿನ್ ಆರಿಸಿದರೆ ಮತ್ತೆ ಹತ್ತುವುದಿಲ್ಲ, ಬೇಗ ಬೇಗ ಎಂದು ಅವನ ಗಲಾಟೆ. ನನ್ನ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಕುದುರೆಯನ್ನು ಏರಿಸಿ ಕಳಿಸಿದೆ. ಲಾರಿ ದಿಬ್ಬ ದಾಟಿದ ಮೇಲೆ ಕೈ ನೋಡಿಕೊಂಡೆ. ಖಾಲಿ. ನೊಗ್ತ ಅವನ ಮುಖದ ಮೇಲೇ ಹೋಗಿತ್ತು. ಅಪ್ಪ ಚರ್ಮದ ಪಟ್ಟಿಯಿಂದ ಮಾಡಿದ ನೊಗ್ತ, ಮೂಗು ಕೆನ್ನೆ ಸುತ್ತಿ ಕಟ್ಟುವುದು, ಎರಡೂ ಕೆನ್ನೆಯಲ್ಲಿ ಗಂಟಿರುವುದು.

ಏನೂ ಆಗುವುದಿಲ್ಲ ಅಲ್ಲವೇ? ಒಂದು ಮಾತು ಬರೆ.

ಯಂಜ್ಮಾ


ಪೂರ್ವ ಚಾಡ್,
೩೦ ಡಿಸೆಂಬರ್ ೨೦೦೯

ಪ್ರೀತಿಯ ಯಂಜ್ಮಾ,

ಚಳಿಗಾಲ ಸುಖವಾಗಿ ಕಳೆಯುತ್ತಿದೆಯೇ? ಇಲ್ಲಿ ಈಗಲೂ ಬೆವರು. ನಿಮ್ಮ ಚಳಿಯಲ್ಲಿ ಸ್ವಲ್ಪ ಈ ಕಡೆ ಕಳಿಸಿದರೆ ನಮ್ಮ ಬಿಸಿಲಲ್ಲಿ ಅರ್ಧ ಕೊಡುತ್ತೇನೆ.

ನಿನ್ನ ಪಾಠ ಶುರುವಾಯಿತು. ಮೊಸರಿಗೆ ಎಲ್ಲಿಗೆ ಹೋಗಲಿ? ಹಾಲಿನ ಪುಡಿ ಕಲಸಿ, ಡಬ್ಬಿಯಲ್ಲಿ ಹಾಕಿ, ಗಾಡಿಯ ಇಂಜಿನ್ ಮೇಲಿಟ್ಟು ಹುಳಿ ಬರಿಸಿದೆ. ಐದನೆಯ ದಿನ ಡಬ್ಬಿಯ ಮುಚ್ಚಳ ತಾನಾಗಿಯೇ ಹಾರಿ ಒಚಿರ್‌ನ ಹಾಸಿಗೆಯ ಮೇಲೆ ಬಿತ್ತು. ಮೇಜರ್ ಸಾಹೇಬರು ಬಂದರು.

"ಏನಯ್ಯಾ ಇದು, ಯಾರಾದ್ರೂ ಸತ್ತಿದಾರಾ ಇಲ್ಲಿ?"

"ಇಲ್ಲ ಸಾರ್. ನನ್ನ ತಂಗಿ ಹೇಳಿಕೊಟ್ಟಿದ್ದು."

"ನಿನ್ನ ತಂಗಿನೂ ನಮ್ಮ ಪಡೆಗೆ ಸೇರಿಸ್ಕೋಬೇಕು. ಗುಂಡು ಹಾರಿಸದೆ ಶತ್ರುನ ಓಡಿಸಬಹುದು."

ಈಗ ನಾನೂ ನನ್ನ ಡಬ್ಬಿಯೂ ಡೀಸೆಲ್ ಪೀಪಾಯಿಗಳ ಹಿಂದೆ. ಚರ್ಮದ್ದೇ ದೊಡ್ಡ ಕಷ್ಟ. ರೋಗದ ಭಯಕ್ಕೆ ಹಸಿ ಚರ್ಮ ಶಿಬಿರದೊಳಗೆ ತರಬಾರದೆಂದು ನಮ್ಮ ವೈದ್ಯರ ಕಟ್ಟಪ್ಪಣೆ. ಮಾರುಕಟ್ಟೆಯ ಮೂಲೆಯಲ್ಲಿ ಮಹಮತ್ ಎಂಬ ಮುದುಕ ಒಂಟೆಗೆ ಜೀನು ಹೊಲಿಯುತ್ತಾನೆ. ನಮ್ಮ ದುಭಾಷಿಯನ್ನು ಕರೆದುಕೊಂಡು ಹೋಗಿ ನನ್ನ ಹೊಲಿಗೆ ತೋರಿಸಿದೆ. ಅವನು ತುಂಬ ಹೊತ್ತು ನೋಡಿ ಏನೋ ಹೇಳಿದ. ದುಭಾಷಿ ತಿರುಗಿಸಿ ಹೇಳಲಿಲ್ಲ. ಒತ್ತಾಯ ಮಾಡಿದ ಮೇಲೆ, "ಈ ಹೊಲಿಗೆ ನಂಬಿಕೊಂಡಿರೋ ಮಕ್ಕಳು ಎಷ್ಟು, ಪಾಪ, ಅಂತ ಕೇಳ್ತಿದಾರೆ" ಎಂದ. ಆದರೂ ಅಂಗೈಯಗಲದ ನಾಲ್ಕು ಚೂರು ಕೊಟ್ಟ. ಚೂರಿನಲ್ಲಿ ಏನು ಕಲಿಯಲಿ? ನನಗೆ ಬೇಕಾದದ್ದು ಒಂದು ಇಡೀ ಚರ್ಮ. ಅಲ್ಲಿ ಕರುವಿನದೋ ಆಡಿನದೋ ಹದ ಮಾಡಿದ್ದು ಒಂದು ಸಿಕ್ಕರೆ ದಯವಿಟ್ಟು ಕಳಿಸು. ಒಂದೇ ಒಂದು. ನಿನಗೆ ಪುಣ್ಯ ಬರುತ್ತದೆ.

ಅಲ್ಲ ಕಣೇ, ಕುದುರೆಯನ್ನು ನೊಗ್ತ ಸಮೇತ ಕೊಟ್ಟುಬಿಟ್ಟೆಯಾ? ಕುದುರೆ ಹೋದರೂ ನೊಗ್ತ ಮನೆಯಲ್ಲಿ ಉಳಿಯಬೇಕು ಎಂದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಮನೆಯ ಭಾಗ್ಯಕ್ಕೆ ನೀನೇ ಪಟ್ಟಿ ಕಟ್ಟಿ, ಲಾರಿ ಹತ್ತಿಸಿ, ಟಾಟಾ ಮಾಡಿ ಕಳಿಸಿದ ಹಾಗಾಯಿತು! ಅಪ್ಪ ಇದ್ದಿದ್ದರೆ ಆ ಲಾರಿಯ ಹಿಂದೆ ಮೂರು ದಿನ ಓಡುತ್ತಿದ್ದರು. ಈ ಚಳಿಗಾಲ ಏನಾದರೂ ಎಡವಟ್ಟಾದರೆ ಯಾರ ಕಿವಿ ಹಿಂಡಬೇಕೆಂದು ನನಗೆ ಗೊತ್ತು. ಹೆದರಬೇಡ, ನಾನು ಇನ್ನೊಂದು ಮಾಡಿ ತರುತ್ತೇನೆ. ಹೆಗ್ಗಣದ ಹಾಗಿದ್ದರೂ ಕುದುರೆ ಬೇಡ ಎನ್ನುವುದಿಲ್ಲ.

ನಿನ್ನ ಶಿಷ್ಯ, ನಿನ್ನ ಅಣ್ಣ,
ಸೆರೀಟರ್


ಚಳಿಗಾಲದ ನೆಲೆ,
೨೭ ಫೆಬ್ರವರಿ ೨೦೧೦

ಅಣ್ಣ,

ಬಿಳಿ ತಿಂಗಳ ಹೊಸ ವರ್ಷದ ಹಬ್ಬ ಕಳೆದು ಎಂಟು ದಿನಕ್ಕೆ ಹಿಮ ಸರಿದು ದಾರಿ ಬಿಟ್ಟಿತು. ನಿನ್ನ ಪತ್ರ ಬಂತು.

ಚರ್ಮ ಕೇಳಿದ್ದೀಯ. ಎಷ್ಟು ಬೇಕು? ಗೆರ್ ಬಾಗಿಲಿಂದ ಕೊಟ್ಟಿಗೆಯವರೆಗೂ ಚರ್ಮವೇ ಇದೆ. ಕೊಳ್ಳುವವನು ಒಬ್ಬ ಬಂದಿದ್ದ. ಎಲ್ಲರ ಮನೆಯ ಮುಂದೆಯೂ ಇಷ್ಟೇ ಇದೆ ತಾಯಿ, ಲಾರಿಯಲ್ಲಿ ಜಾಗವಿಲ್ಲ ಎಂದು ಹೇಳಿ ಹೋದ.

ಜನವರಿ ಮೊದಲ ವಾರದಲ್ಲಿ ಹಿಮ ಬಿದ್ದು, ಒಂದು ದಿನ ಕರಗಿ, ಮತ್ತೆ ಹೆಪ್ಪುಗಟ್ಟಿತು. ನೆಲ ಗಾಜಾಯಿತು. ಅದರ ಮೇಲೆ ಇನ್ನೂ ಹಿಮ. ಗೊರಸಿನಲ್ಲಿ ಕೆರೆದು ಕೆರೆದು ಕುರಿಗಳ ಕಾಲಲ್ಲಿ ರಕ್ತ. ಒಂದು ಲಾರಿ ಹುಲ್ಲು ಹತ್ತೊಂಬತ್ತು ದಿನ ಬಂತು. ಆಡುಗಳು ಮೊದಲು ಹೋದವು. ಬೆಚ್ಚಗಿರಲೆಂದು ಒಂದರ ಮೇಲೊಂದು ಹತ್ತಿ, ಕೆಳಗಿನವು ಉಸಿರು ಕಟ್ಟಿ ಸತ್ತವು. ಆಮೇಲೆ ಕುರಿಗಳು ಒಂದರ ಉಣ್ಣೆ ಒಂದು ಕಿತ್ತು ತಿನ್ನಲು ಶುರು ಮಾಡಿದವು. ಹಸುವಿಗೆ ನನ್ನ ಹಬ್ಬದ ನಿಲುವಂಗಿ ಹೊದಿಸಿ ಒಳಗೆ ಕಟ್ಟಿಕೊಂಡಿದ್ದೆ. ಅದು ನನ್ನ ಮುಖ ನೋಡುತ್ತಲೇ ಕುಸಿಯಿತು. ಅಪ್ಪನ ಕಾಲದಲ್ಲಿ ಬಂದ ಜುಡ್‌ನಲ್ಲೂ, ಇಂಥದೇ ಮಂದೆ ಕೊಲ್ಲುವ ಚಳಿಗಾಲದಲ್ಲಿ, ಅರ್ಧ ಮಂದೆ ಉಳಿದಿತ್ತಂತೆ. ನಮಗೆ ಹನ್ನೊಂದು ಕುರಿ, ಒಂದು ಬೂದು ಬಣ್ಣದ ಹೆಣ್ಣುಕುದುರೆ ಉಳಿದಿವೆ. ಇವತ್ತು ಬೆಳಿಗ್ಗೆ ಹನ್ನೊಂದಿತ್ತು.

ನಿನ್ನ ಪತ್ರವನ್ನು ಗೊಂಬೊ ಗಟ್ಟಿಯಾಗಿ ಓದು ಎಂದ. ಹಾಲಿನ ಪುಡಿಯ ಕಥೆಗೆ ನಕ್ಕ. ಎರಡು ತಿಂಗಳಲ್ಲಿ ಅವನು ನಕ್ಕದ್ದು ಅದೊಂದೇ. ಚರ್ಮ ಕಳಿಸು ಎನ್ನುವವರೆಗೆ ಓದಿ ನಿಲ್ಲಿಸಿದೆ. "ಮುಂದಿನದು?" ಎಂದ. "ಅಷ್ಟೇ" ಎಂದೆ. "ಹಾಳೆ ತುಂಬ ಬರೆದಿದೆಯಲ್ಲೇ" ಎಂದು ಕೈಯಿಂದ ತೆಗೆದುಕೊಂಡು ತಾನೇ ಓದಿದ. ಬೈಯಲಿಲ್ಲ. ಕಾಗದ ಮಡಚಿ ಪೆಟ್ಟಿಗೆಯ ಮೇಲಿಟ್ಟು, ಹೊರಗೆ ಹೋಗಿ ಸತ್ತವನ್ನು ಎಳೆಯತೊಡಗಿದ. ಅವತ್ತಿನಿಂದ ಆ ಮಾತು ಎತ್ತಿಲ್ಲ. ಬೇರೆ ಮಾತೂ ಎತ್ತಿಲ್ಲ.

ಯಾರ ಕಿವಿ ಹಿಂಡಬೇಕೆಂದು ನೀನು ಬರೆದಿದ್ದೆ. ಸರಿಯಾಗಿಯೇ ಬರೆದಿದ್ದೀಯ.

ಯಂಜ್ಮಾ


ಪೂರ್ವ ಚಾಡ್,
೮ ಏಪ್ರಿಲ್ ೨೦೧೦

ಯಂಜ್ಮಾ,

ಏನು ಕೇಳಿ ಪತ್ರ ಶುರು ಮಾಡಲಿ? ಸುಖವಾಗಿ ಚಳಿಗಾಲ ಕಳೆಯಿತೇ ಎಂದು ಬರೆದು ಆ ಹಾಳೆ ಹರಿದೆ. ಇದು ನಾಲ್ಕನೆಯ ಹಾಳೆ.

ಜುಡ್ ಸುದ್ದಿ ಫೆಬ್ರವರಿಯಲ್ಲೇ ನಮ್ಮ ರೇಡಿಯೋ ಕೋಣೆಗೆ ಬಂದಿತ್ತು. ದುಂದ್‌ಗೋವಿ ಎಂದು ಹೆಸರೂ ಹೇಳಿದ್ದರು. ನೀರಿನ ಟ್ಯಾಂಕ್ ಮೇಲೆ ನಾಲ್ಕು ದಿನ ನಿಂತೆ, ಲೈನ್ ಸಿಗಲಿಲ್ಲ. ನಮ್ಮ ನೆಲೆ ಗುಡ್ಡದ ಮರೆಯಲ್ಲಿದೆ, ನನ್ನ ತಂಗಿ ಗಟ್ಟಿ ಹೆಂಗಸು, ಹುಲ್ಲಿನ ಲಾರಿ ಬೇರೆ ಬಂದಿದೆ ಎಂದು ಧೈರ್ಯ ಹೇಳಿಕೊಂಡೆ. ನಾನು ಹಾಸ್ಯ ಮಾಡಿದ ಪತ್ರ ಅದೇ ಹೊತ್ತಿಗೆ ದಾರಿಯಲ್ಲಿತ್ತು. ಒಂದು ಕಡೆಯಾದರೂ ಯಾವನಾದರೂ ಟಪಾಲಿನವನು ಆ ಚೀಲ ಕಳೆದುಹಾಕಬಾರದಿತ್ತೇ.

ಅದು ತಮಾಷೆ, ಯಂಜ್ಮಾ. ಮೊಸರಿನ ಕಥೆಯ ಬಿಸಿಯಲ್ಲೇ ಬರೆದದ್ದು. ನೀನು "ಏನೂ ಆಗುವುದಿಲ್ಲ ಅಲ್ಲವೇ" ಎಂದು ಕೇಳಿದ್ದೆ, ನಾನು ಇಲ್ಲ ಎಂದು ಒಂದು ಮಾತು ಬರೆಯಬೇಕಿತ್ತು, ಅಷ್ಟೇ. ಈಗ ಬರೆಯುತ್ತಿದ್ದೇನೆ. ನೊಗ್ತಕ್ಕೂ ಹಿಮಕ್ಕೂ ಸಂಬಂಧವಿಲ್ಲ. ನಮ್ಮ ನೆರೆಯ ಶರಾವ್ ತನ್ನ ಜನ್ಮದಲ್ಲಿ ಮಾರಿದ ಒಂದೊಂದು ಕುದುರೆಯ ನೊಗ್ತವನ್ನೂ ಮೊಳೆಗೆ ನೇತುಹಾಕಿದ್ದಾನೆ. ಗೆರ್ ಒಳಗೆ ಕಾಲಿಟ್ಟರೆ ತಲೆಗೆ ತಾಗುತ್ತವೆ. ಅವನ ಮಂದೆ ಉಳಿಯಿತೇ? ಒಚಿರ್‌ನ ಅಪ್ಪನ ಮನೆಯಲ್ಲಿ ಆರುನೂರರಲ್ಲಿ ಇಪ್ಪತ್ತು ಉಳಿದಿವೆ. ಅವರೇನು ನೊಗ್ತ ಕೊಟ್ಟಿದ್ದರೇ? ನಮ್ಮ ಪಡೆಯ ಅರ್ಧ ಹುಡುಗರು ಮನೆಯಿಂದ ಪತ್ರ ಬಂದರೆ ಒಡೆಯಲು ಹೆದರುತ್ತಿದ್ದಾರೆ. ಇಷ್ಟೂ ಜನರ ಭಾಗ್ಯ ನಿನ್ನ ಕೈಯಿಂದ ಜಾರಿತೇ?

ಊರಿಗೆ ಹೋಗಲು ರಜೆ ಕೇಳಿದೆ. ಮೇಜರ್ ಸಾಹೇಬರು ಕನ್ನಡಕ ತೆಗೆದಿಟ್ಟು, "ಅಜ್ಜ, ಕೂತ್ಕೋ" ಎಂದರು. ಸಾಹೇಬರು ಅಜ್ಜ ಎಂದದ್ದು ಅದೇ ಮೊದಲು. "ಈ ವಾರ ಕೇಳಿದವರಲ್ಲಿ ನೀನು ಮೂವತ್ತೊಂದನೆಯವನು. ಎಲ್ಲಾರ್ನೂ ಕಳಿಸಿ ಕಾವಲಿಗೆ ಒಂಟೆ ನಿಲ್ಲಿಸ್ಲಾ? ನನ್ನ ಅತ್ತೆ ಮನೇಲೂ ಎಲ್ಲಾ ಹೋಯ್ತು ಕಣಯ್ಯ." ಆಮೇಲೆ ಕೇಳಲಿಲ್ಲ.

ಗೊಂಬೊನಿಗೆ ಬೇರೆ ಕಾಗದ ಬರೆದು ಇದರಲ್ಲೇ ಇಟ್ಟಿದ್ದೇನೆ, ಕೊಡು. ತಪ್ಪು ನನ್ನದೆಂದು ಬರೆದಿದ್ದೇನೆ.

ಬೇರೇನೂ ಮಾಡಲು ತೋಚದೆ ನೊಗ್ತ ಶುರು ಮಾಡಿದ್ದೇನೆ. ಮಹಮತ್‌ನ ಮೋಟಾರ್ ಸೈಕಲ್ ಬಿಚ್ಚಿ ರಿಪೇರಿ ಮಾಡಿಕೊಟ್ಟೆ. ಅದಕ್ಕೆ ಪ್ರತಿಯಾಗಿ ಹದ ಮಾಡಿದ ಹಸುವಿನ ಚರ್ಮದ ಒಂದು ಪಾಲು ಕೊಟ್ಟ. ಹದವಾದದ್ದಾದ್ದರಿಂದ ವೈದ್ಯರು ಕಣ್ಣು ಮುಚ್ಚಿಕೊಂಡರು. ನೀನು ಹೇಳಿದ ಹಾಗೆ ಅಂಚಿನಿಂದ ಸುರುಳಿಯಾಗಿ ಸೀಳಿದೆ. ಕಲ್ಲಿನ ಬದಲು ಹಳೆಯ ಬ್ರೇಕ್ ಡ್ರಮ್ ಕಟ್ಟಿ ತಿರುಚುತ್ತಿದ್ದೇನೆ. ಬಲಕ್ಕೆ ನೂರು, ಎಡಕ್ಕೆ ನೂರು. ಎಣಿಸಲು ಯಾರೂ ಇಲ್ಲ, ಅರವತ್ತು ದಾಟಿದ ಮೇಲೆ ಮರೆಯುತ್ತೇನೆ.

ಒಂದು ಸಾಲು ಬರೆ. ಬೈದು ಬರೆದರೂ ಸರಿ.

ಸೆರೀಟರ್


ಪೂರ್ವ ಚಾಡ್,
೨೦ ಮೇ ೨೦೧೦

ಯಂಜ್ಮಾ,

ನಿನ್ನಿಂದ ಕಾಗದವಿಲ್ಲ. ಟಪಾಲಿನದೇ ತಪ್ಪಿರಬೇಕು ಎಂದುಕೊಳ್ಳುತ್ತೇನೆ.

ನೊಗ್ತ ಮುಗಿಯಿತು. ಇದರ ಜೊತೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದೇನೆ. ಮೂಗಿನ ಪಟ್ಟಿಯನ್ನು ಮೂರು ಸಲ ಮಾಡಿದೆ. ಮೊದಲನೆಯದು ಚಿಕ್ಕದಾಯಿತು. ಎರಡನೆಯದನ್ನು ನೋಡಿ ಮಹಮತ್, ಇದು ಯಾವ ಪ್ರಾಣಿಗೆ ಎಂದು ಕೇಳಿದ. ಕುದುರೆ ಎಂದೆ. "ನಿಮ್ಮೂರ ಕುದುರೆಗೆ ಆನೆ ಮುಖ ಇದೆಯಾ?" ಎಂದ. ಇಲ್ಲಿ ಅಳತೆಗೆ ಕುದುರೆಯ ಮುಖವಿಲ್ಲ, ಒಚಿರ್‌ನ ಮುಖ ಒಪ್ಪುವುದಿಲ್ಲ. ಕಣ್ಣು ಮುಚ್ಚಿಕೊಂಡು ನೆನಪಿನಲ್ಲೇ ಅಂಗೈ ಇಟ್ಟು ಅಳೆದೆ. ಕೆನ್ನೆಯ ಗಂಟು ಅಪ್ಪನ ಹಾಗೆ ಬರಲಿಲ್ಲ. ಅದನ್ನು ಅವರು ಹೇಗೆ ಹಾಕುತ್ತಿದ್ದರೆಂದು ನಿನ್ನನ್ನು ಕೇಳಬೇಕಿತ್ತು. ಕೇಳುವ ಧೈರ್ಯ ಬರಲಿಲ್ಲ.

ಇನ್ನೊಂದು ಹೇಳಬೇಕು. ಮಹಮತ್‌ನಿಗೆ ನಮ್ಮ ಪದ್ಧತಿ ಹೇಳಿದೆ. ಅವನಿಗೆ ನಂಬಿಕೆಯೇ ಆಗಲಿಲ್ಲ. "ಹಗ್ಗ ಇಟ್ಕೊಂಡು ಒಂಟೆ ಕೊಟ್ಟರೆ ಇಲ್ಲಿ ಹೊಡೆದಾಟ ಆಗುತ್ತೆ. ಹಗ್ಗ ಇಲ್ಲದ ಒಂಟೆನ ಕದ್ದಿದ್ದು ಅಂತಾರೆ" ಎಂದ. ನೋಡಿದೆಯಾ? ಇಲ್ಲಿ ಸಾವಿರ ವರ್ಷದಿಂದ ಹಗ್ಗದ ಸಮೇತವೇ ಕೊಡುತ್ತಿದ್ದಾರೆ, ಮಂದೆಗಳೂ ಇವೆ. ಅವನ ಒಂಟೆಗಳೆಲ್ಲ ಹಿಂದೊಮ್ಮೆ ಬರದಲ್ಲಿ ಸತ್ತವಂತೆ. ಯಾಕೆ ಸತ್ತವು ಎಂದು ಕೇಳಿದೆ. "ನೀರಿರಲಿಲ್ಲ" ಎಂದ. ಬೇರೇನೂ ಹೇಳಲಿಲ್ಲ. ನೀನೂ ಹಾಗೇ ಹೇಳು. ಹುಲ್ಲಿರಲಿಲ್ಲ.

ಅಣ್ಣ


ಉಲಾನ್‌ಬಾತರ್,
೯ ಜುಲೈ ೨೦೧೦

ಅಣ್ಣ,

ನಿನ್ನ ಎರಡು ಪತ್ರವೂ ಪೊಟ್ಟಣವೂ ಊರಿನ ಅಂಚೆಯಲ್ಲಿ ಒಟ್ಟಿಗೇ ಸಿಕ್ಕವು, ಹೊರಡುವ ದಿನ. ನಾವು ಮಂದೆಯ ಬದುಕು ಬಿಟ್ಟೆವು. ಮೇ ತಿಂಗಳ ಗಾಳಿಗೆ ಉಳಿದ ಕುರಿಗಳೂ ಹೋದವು. ಗೊಂಬೊನ ಅಕ್ಕನ ಬೇಲಿಯೊಳಗೆ, ನಗರದ ಉತ್ತರದ ಇಳಿಜಾರಿನಲ್ಲಿ ಗೆರ್ ಹಾಕಿದ್ದೇವೆ. ನೀರಿಗೆ ಡಬ್ಬಿ ಎಳೆದುಕೊಂಡು ಇಳಿಯಬೇಕು, ಹತ್ತಬೇಕು. ಗೊಂಬೊ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಾನು ಗೋದಾಮಿನಲ್ಲಿ ಚರ್ಮ ವಿಂಗಡಿಸುತ್ತೇನೆ. ತೂತಿದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ. ಈ ವರ್ಷ ಅದಕ್ಕೆ ಜನ ಬೇಕಾಗಿದ್ದಾರೆ. ಕೆಲಸ ನನಗೆ ಗೊತ್ತಿದೆ ಎಂದು ಮೇಸ್ತ್ರಿಗೆ ಖುಷಿ.

ನೊಗ್ತ ಚೆನ್ನಾಗಿದೆ. ಸುಳ್ಳು ಹೇಳುತ್ತಿಲ್ಲ. ಗಂಟು ಅಪ್ಪನದಲ್ಲ, ನಿನ್ನದೇ, ಆದರೆ ಬಿಗಿ ಇದೆ. ಮೂಗಿನ ಪಟ್ಟಿ ಕೈಗೆ ಮೆತ್ತಗಿದೆ. ನೂರು ನೂರು ಸುತ್ತು ತಿರುಗಿಸಿದ್ದೀಯ, ಗೊತ್ತಾಗುತ್ತದೆ. ಇಲ್ಲಿಗೆ ತರಲಿಲ್ಲ. ಬೂದು ಕುದುರೆಯನ್ನು ಶರಾವ್ ನೋಡಿಕೊಳ್ಳುತ್ತಿದ್ದಾನೆ, ಅದರ ಮುಖಕ್ಕೆ ಹಾಕಿ ಬಂದೆ. ನಗರದಲ್ಲಿ ಅದನ್ನು ಯಾವುದಕ್ಕೆ ಹಾಕಲಿ?

ನೀನು ಬರೆದದ್ದೆಲ್ಲ ಓದಿದೆ. ಶರಾವ್ ಲೆಕ್ಕ, ಒಚಿರ್ ಅಪ್ಪನ ಲೆಕ್ಕ. ಅವರವರದು ಅವರವರ ಕಾರಣಕ್ಕೆ ಹೋಗಿರುತ್ತದೆ. ನನ್ನದು ಯಾಕೆ ಹೋಯಿತೆಂದು ನನಗೆ ಗೊತ್ತಿದೆ. ಆ ಮುದುಕನ ಊರಿನವರು ಹಗ್ಗದಲ್ಲಿ ಏನನ್ನೂ ಇಟ್ಟಿಲ್ಲ, ಅದಕ್ಕೇ ಕೊಟ್ಟರೆ ಏನೂ ಹೋಗುವುದಿಲ್ಲ. ನಾವು ಇಟ್ಟಿದ್ದೆವು. ನೀನು ದೂರ ಇದ್ದು ಬದಲಾಗಿದ್ದೀಯ, ನಿನಗೆ ಅದು ಕತೆ. ನಾನು ಬದಲಾಗಿಲ್ಲ.

ಗೊಂಬೊ ನಿನ್ನ ಕಾಗದ ಓದಿದ. "ಅಣ್ಣನ್ನ ಯಾಕೆ ಎಳೀತೀಯ ಇದಕ್ಕೆ" ಎಂದ, ಅಷ್ಟೇ. ಕಟ್ಟಡದಿಂದ ಬಂದು ಊಟ ಮಾಡಿ ಗೋಡೆಯ ಕಡೆ ತಿರುಗಿ ಮಲಗುತ್ತಾನೆ.

ಬಂದ ಮೇಲೆ ಬೂದು ಕುದುರೆಗೆ ಒಂದು ದಾರಿ ಮಾಡು. ಯಾರಿಗಾದರೂ ಕೊಟ್ಟುಬಿಡು. ನಾನು ಹೋಗುವುದಿಲ್ಲ. ನನ್ನ ಕೈಯ ಮೇಲೆ ನನಗೆ ನಂಬಿಕೆ ಹೋಗಿದೆ.

ಯಂಜ್ಮಾ


ಶರಾವ್‌ನ ನೆಲೆ, ದುಂದ್‌ಗೋವಿ,
೨೬ ಆಗಸ್ಟ್ ೨೦೧೦

ಪ್ರೀತಿಯ ಯಂಜ್ಮಾ,

ಹೋದ ವಾರವಷ್ಟೇ ನಿನ್ನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದವನು ಕಾಗದ ಬರೆಯುತ್ತಿದ್ದೇನೆ. ನಾಲ್ಕು ದಿನವೂ ನಾವು ನೀರಿನ ಸರದಿ, ಬಸ್ಸಿನ ನೂಕುನುಗ್ಗಲು, ಗೊಂಬೊನ ಅಕ್ಕನ ನಾಯಿ, ಎಲ್ಲದರ ಬಗ್ಗೆ ಮಾತಾಡಿದೆವು. ನಿನ್ನ ಬೆರಳ ಸಂದಿಯಲ್ಲಿ ಉಪ್ಪಿಗೆ ಬಿರಿದ ಗಾಯ ನೋಡಿದೆ, ಕೇಳಲಿಲ್ಲ. ಗೊಂಬೊ ನನಗೆ ಬಟ್ಟಲು ತುಂಬ ಚಹಾ ಕೊಟ್ಟ. ನಿನಗೆ ಬೇಕಾ ಎಂದು ಅವನು ಕೇಳಲಿಲ್ಲ, ನೀನೂ ಬಟ್ಟಲು ಮುಂದೆ ಮಾಡಲಿಲ್ಲ. ಅದನ್ನೂ ನೋಡಿದೆ. ಎದುರಿಗೆ ಕೂತು ಆಡಲು ಬಾರದ ಮಾತನ್ನು ಕಾಗದದಲ್ಲಾದರೂ ಆಡಬೇಕು.

ನಮ್ಮ ಚಳಿಗಾಲದ ನೆಲೆಗೆ ಹೋಗಿದ್ದೆ. ವಿವರ ಬರೆಯುವುದಿಲ್ಲ, ನೀನು ಬಿಟ್ಟು ಬಂದ ಹಾಗೇ ಇದೆ. ಮೂಳೆಗಳು ಬೆಳ್ಳಗಾಗಿವೆ. ಈ ವರ್ಷ ಹುಲ್ಲು ಮೊಣಕಾಲೆತ್ತರ ಬಂದಿದೆ. ಮೇಯಲು ಯಾರೂ ಇಲ್ಲ.

ಬೂದು ಕುದುರೆಯನ್ನು ಇವತ್ತು ಬೆಳಿಗ್ಗೆ ಕೊಟ್ಟೆ. ಪಕ್ಕದ ಕಣಿವೆಯ ಹೊಸ ಜೋಡಿ, ಹೋದ ವರ್ಷ ಮದುವೆಯಾದವರು. ಹದಿನಾಲ್ಕು ಕುರಿಯಿಂದ ಮತ್ತೆ ಶುರು ಮಾಡುತ್ತೇವೆ ಎಂದು ಹೊರಟಿದ್ದಾರೆ. ಆ ಹುಡುಗಿ ಕುದುರೆಯ ಕಿವಿಯ ಹಿಂದೆ ಕೆರೆದು ಹೆಸರು ಕೇಳಿದಳು. ಬೂದು ಎಂದೆ. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಯಾರಿಗೂ ಅವಸರವಿರಲಿಲ್ಲ.

ಅವಳ ಗಂಡ ತನ್ನ ಹಗ್ಗ ತಂದಿದ್ದ. ಎಲ್ಲರ ಹಾಗೆ ಕೈಯಲ್ಲಿ ಹಿಡಿದು ಕಾಯುತ್ತಾ ನಿಂತ, ನಾನು ನನ್ನ ನೊಗ್ತ ಬಿಚ್ಚಿಕೊಳ್ಳಲಿ ಎಂದು. ನಾನು ಕುದುರೆಯ ಬಳಿ ಹೋದೆ. ಯಂಜ್ಮಾ, ನನ್ನ ಕೈ ನನ್ನನ್ನು ಕೇಳದೆ ಎದ್ದು ಕೆನ್ನೆಯ ಗಂಟಿಗೆ ಹೋಯಿತು. ಅರ್ಧ ಬಿಚ್ಚಿದ ಮೇಲೆ ಏನು ಮಾಡುತ್ತಿದ್ದೇನೆಂದು ತಿಳಿಯಿತು.

ಏಪ್ರಿಲ್‌ನಿಂದ ನಿನಗೆ ಬರೆದದ್ದೆಲ್ಲ ಸುಳ್ಳು. ಶರಾವ್‌ನ ಲೆಕ್ಕ, ಮಹಮತ್‌ನ ಒಂಟೆ, ಎಲ್ಲ ನಿನ್ನನ್ನು ಒಪ್ಪಿಸಲು ಹುಡುಕಿಕೊಂಡದ್ದು. ಒಳಗೆ ನಾನೂ ನಿನ್ನ ಹಾಗೇ ನಂಬುತ್ತೇನೆ. ದೂರ ಇದ್ದು ಬದಲಾಗಿದ್ದೀಯ ಎಂದು ನೀನು ಬರೆದಿದ್ದೆ. ಒಂದು ಎಳೆಯೂ ಬದಲಾಗಿಲ್ಲ. ಡಿಸೆಂಬರಿನ ಆ ತಮಾಷೆಯೂ ಪೂರ್ತಿ ತಮಾಷೆಯಲ್ಲ. ನೀನು ನೊಗ್ತ ಕೊಟ್ಟೆ ಎಂದು ಓದಿದಾಗ ನಾನೂ ಹೆದರಿದ್ದೆ. ಅದನ್ನು ಮುಚ್ಚಿಕೊಳ್ಳಲು ನಗಾಡಿದೆ.

ಬಿಚ್ಚಿದ ಗಂಟನ್ನು ಮತ್ತೆ ಹಾಕಿದೆ. ಎಳೆದು ಬಿಗಿ ಮಾಡಿದೆ. ಆಮೇಲೆ ನೊಗ್ತದ ಹಗ್ಗದ ತುದಿಯನ್ನು ಆ ಹುಡುಗನ ಕೈಗೆ ಕೊಟ್ಟೆ.

"ಅಣ್ಣ, ನೊಗ್ತ ಮರೆತ್ರಿ" ಎಂದ.

"ಮರೆತಿಲ್ಲ. ಹಾಗೇ ತಗೊಂಡು ಹೋಗು."

ಅವನು ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಶರಾವ್ ಕೂತಲ್ಲಿಂದ ಎದ್ದು ಬಂದ. "ಏಯ್ ಸೆರೀಟರ್, ತಲೆ ಸರಿ ಇದೆಯೇನೋ? ಅದರ ಜೊತೆ ಏನು ಹೋಗುತ್ತೆ ಗೊತ್ತಲ್ಲ?"

"ಹೋಗೋಕೆ ಏನಿದೆಯೋ?" ಎಂದೆ.

ಆ ಹುಡುಗಿಯೇ ಮುಂದೆ ಬಂದು ಹಗ್ಗ ಎತ್ತಿಕೊಂಡಳು. ನನ್ನ ಮುಖ ನೋಡಿದಳು. ಎರಡೂ ಕೈಯಲ್ಲಿ ಹಿಡಿದುಕೊಂಡಳು, ಉಡುಗೊರೆ ತೆಗೆದುಕೊಳ್ಳುವ ಹಾಗೆ. ಏನಾದರೂ ಉಳಿದಿದ್ದರೆ ಅವಳಿಗೆ ಹೋಗಲಿ. ಅವರು ದಿಬ್ಬ ದಾಟುವವರೆಗೂ ನಿಂತಿದ್ದೆ. ಹಿಂದೆ ಓಡಿ ಹೋಗಿ ಬಿಚ್ಚಿಕೊಂಡು ಬರಬೇಕೆಂದು ಕಾಲು ಎಳೆಯುತ್ತಿತ್ತು. ಈಗಲೂ ಎಳೆಯುತ್ತಿದೆ.

ಬದುಕೇನೂ ಸರಿಹೋಗುವುದಿಲ್ಲ, ಗೊತ್ತು. ನಾಳಿನ ಬಸ್ಸಿಗೆ ಹೊರಡುತ್ತೇನೆ. ಗೊಂಬೊನ ಮೇಸ್ತ್ರಿಗೆ ನನಗೂ ಒಂದು ಕೆಲಸ ಕೇಳಿ ನೋಡು. ಸೂಜಿ, ಸೈಕಲ್ ಕಡ್ಡಿ ಎಲ್ಲವನ್ನೂ ಶರಾವ್‌ಗೆ ಕೊಟ್ಟೆ, ಇನ್ನು ಹೊಲಿಯುವುದಿಲ್ಲ.

ನೀನು ಕೊಟ್ಟದ್ದು ಹಿಮದಲ್ಲಿ, ಬೆರಳು ಸೆಟೆದು, ಮರೆತು. ನಾನು ಕೊಟ್ಟದ್ದು ಬಿಸಿಲಿನಲ್ಲಿ, ಮೂರು ಜನರೆದುರು, ಗೊತ್ತಿದ್ದು. ನನ್ನದು ದೊಡ್ಡದು. ಇನ್ನು ಮೇಲೆ ನಮ್ಮ ಮನೆಯ ಭಾಗ್ಯ ಕಳೆದವರು ಯಾರು ಎಂದು ಯಾರು ಕೇಳಿದರೂ, ಗೊಂಬೊನೇ ಕೇಳಿದರೂ, ಮೊದಲು ನನ್ನ ಹೆಸರು ಹೇಳು.

ನಿನ್ನ ಅಣ್ಣ,
ಸೆರೀಟರ್